ಫೆರಾರಿಯ ನಾಬ್ ಯಾಕೆ ಅಂಟುತ್ತದೆ?

1999ರ ಜಿನೀವಾ ಮೋಟಾರ್ ಶೋನಲ್ಲಿ ಫೆರಾರಿ 360 ಮೊಡೆನಾ ಹೊರಬಂದಾಗ ಜನ ಮಾತಾಡಿದ್ದು ಅದರ ಅಲ್ಯೂಮಿನಿಯಂ ಚೌಕಟ್ಟಿನ ಬಗ್ಗೆ, 3.6 ಲೀಟರಿನ ವಿ8 ಎಂಜಿನ್ ಬಗ್ಗೆ, 8,500 ಆರ್‌ಪಿಎಂನಲ್ಲಿ ಸಿಗುವ 400 ಅಶ್ವಶಕ್ತಿಯ ಬಗ್ಗೆ. ಇವತ್ತು ಅದೇ ಕಾರನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಳ್ಳಲು ಹೋಗುವವರು ಎಂಜಿನ್ ಸದ್ದು ಕೇಳುವ ಮೊದಲೇ ಇನ್ನೊಂದು ಕೆಲಸ ಮಾಡುತ್ತಾರೆ. ಒಳಗೆ ಕೂತು ಎಸಿ ನಾಬ್ ಮೇಲೆ, ಕಿಟಕಿಯ ಸ್ವಿಚ್ ಮೇಲೆ ಬೆರಳಿಟ್ಟು ನೋಡುತ್ತಾರೆ. ಹಲಸಿನ ಮೇಣ ಮುಟ್ಟಿದ ಹಾಗೆ ಬೆರಳು ಅಂಟುತ್ತದೆ. ಎತ್ತಿದರೆ ತುದಿಯಲ್ಲಿ ಕಪ್ಪು ಮಸಿ, ನಾಬ್ ಮೇಲೆ ಬೆರಳಚ್ಚು.

ಇದು 360 ಒಂದರ ಕಥೆಯಲ್ಲ. ಅದಕ್ಕೂ ಮೊದಲಿನ ಎಫ್355, 550 ಮರನೆಲ್ಲೊ, ಆ ಕಾಲದ ಮಸೆರಾಟಿಗಳು, ಎಲ್ಲದರಲ್ಲೂ ಇದೇ ದೂರು. ಫೆರಾರಿಯನ್ನು ನಾವು ಯಾರೂ ರಿಪೇರಿ ಮಾಡುವ ಸಂದರ್ಭ ಸದ್ಯಕ್ಕಂತೂ ಬರಲಿಕ್ಕಿಲ್ಲ. ಆದರೆ ನಿಮ್ಮ ಹಾಸ್ಟೆಲ್ ಮೇಜಿನ ಮೇಲಿರುವ ಹಳೆಯ ಮೌಸ್, ಅಪ್ಪನ ಹಳೆಯ ಕ್ಯಾಮೆರಾದ ಹಿಡಿ, ಕೊಡೆಯ ಹಿಡಿಕೆ, ಮೇಲ್ಮೈ ರಬ್ಬರಿನ ಹಾಗಿದ್ದ ಹಳೆಯ ಲ್ಯಾಪ್‌ಟಾಪ್ ಮುಚ್ಚಳ ನೆನಪಿಸಿಕೊಳ್ಳಿ. ಅಲ್ಲೂ ಆಗಿರುವುದು ಇದೇ. ಹಾಗಾಗಿ ಈ ಸಂಚಿಕೆಯ ಪಾಠಕ್ಕೆ ಫೆರಾರಿಯ ನಾಬನ್ನೇ ಹಿಡಿದುಕೊಳ್ಳೋಣ. ಯಾಕೆ ಅಂಟುತ್ತದೆ, ಹೇಗೆ ಸರಿಮಾಡುವುದು, ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸದೆ ಇರುವುದು ಹೇಗೆ ಅಂತ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳಬೇಕು. ನಾಬ್ 'ಸ್ಟಿಕ್ಕಿ' ಆಗಿದೆ ಅಂದರೆ ಎರಡು ಅರ್ಥ. ಒಂದು, ಮುಟ್ಟಿದರೆ ಜಿಗುಟು. ಇನ್ನೊಂದು, ತಿರುಗಿಸಿದರೆ ಬಿಗಿ, ಸರಾಗವಾಗಿ ತಿರುಗುವುದಿಲ್ಲ. ಎರಡನೆಯದು ಬೇರೆಯೇ ರೋಗ. ಒಳಗಿನ ಶಾಫ್ಟಿನ ಗ್ರೀಸ್ ಗಟ್ಟಿಯಾಗಿರಬಹುದು, ಯಾವತ್ತೋ ಚೆಲ್ಲಿದ ಕೋಲಾ ಒಣಗಿ ಸಕ್ಕರೆ ಕೂತಿರಬಹುದು. ಅದಕ್ಕೆ ಕಾಂಟ್ಯಾಕ್ಟ್ ಕ್ಲೀನರ್, ಆಮೇಲೆ ಪ್ಲಾಸ್ಟಿಕ್‌ಗೆ ಹೊಂದುವ ಒಂದು ತೊಟ್ಟು ಗ್ರೀಸ್ ಸಾಕು. ಮುಖ ಜಿಗುಟಾಗಿ ಒಳಗೆ ಸರಾಗವಾಗಿ ತಿರುಗುತ್ತಿದ್ದರೆ ಮಾತ್ರ ಮುಂದೆ ಓದಿ. ಎರಡೂ ಇದ್ದರೆ ಮುಖದ ಕೆಲಸ ಮೊದಲು ಮುಗಿಸಿ, ಯಾಕಂದ್ರೆ ಜಿಗುಟು ಲೇಪವೇ ಅಂಚಿನಿಂದ ಸರಿದು ನಾಬ್ ಮತ್ತು ಪ್ಯಾನೆಲ್ ನಡುವಿನ ಸಂದಿಗೆ ಇಳಿದು ಬಿಗಿ ಮಾಡಿರುವ ಸಾಧ್ಯತೆಯೂ ಇದೆ.

ಈಗ ಲೇಪದ ವಿಷಯ. ಬರೀ ಅಚ್ಚು ಹೊಡೆದ ಪ್ಲಾಸ್ಟಿಕ್ ಮುಟ್ಟಿದರೆ ಗಟ್ಟಿ, ಹೊಳಪು, ಅಗ್ಗದ ಆಟಿಕೆಯ ಹಾಗೆ. ಅದರ ಮೇಲೆ ತೆಳ್ಳಗೆ ಮೃದುವಾದ ಪಾಲಿಯುರೆಥೇನ್ ಪೇಂಟ್ ಹೊಡೆದರೆ ಸ್ಪರ್ಶ ಚರ್ಮದ ಹಾಗೆ, ಪೀಚ್ ಹಣ್ಣಿನ ಸಿಪ್ಪೆಯ ಹಾಗೆ ಆಗುತ್ತದೆ. ಬೆಳಕು ಪ್ರತಿಫಲಿಸುವುದಿಲ್ಲ, ಬೆರಳು ಜಾರುವುದಿಲ್ಲ. ಇದಕ್ಕೆ ಸಾಫ್ಟ್ ಟಚ್ ಅಂತ ಹೆಸರು. ತೊಂಬತ್ತರ ದಶಕದಲ್ಲಿ ಇದು ದೊಡ್ಡ ಫ್ಯಾಷನ್. ಕೋಟಿಗಟ್ಟಲೆ ಬೆಲೆಯ ಕಾರಿನಲ್ಲೂ ಸ್ವಿಚ್ ಅಂದ್ರೆ ಪ್ಲಾಸ್ಟಿಕ್ಕೇ ತಾನೆ, ಅದನ್ನು ಮುಚ್ಚಿಡಲು ಅಗ್ಗದ ದಾರಿ ಇದು ಅಂತ ಯಾರಾದರೂ ಹೇಳಿದರೆ ನಾವು ಜಗಳಕ್ಕೆ ಹೋಗುವುದಿಲ್ಲ.

ಪಾಲಿಯುರೆಥೇನ್ ಹೊಸದಲ್ಲ. 1937ರಲ್ಲಿ ಜರ್ಮನಿಯ ಲೆವರ್ಕೂಸನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಸಂಗಡಿಗರು ಕಂಡುಹಿಡಿದದ್ದು. ಐಸೊಸಯನೇಟ್ ಒಂದು ಕಡೆ, ಪಾಲಿಯಾಲ್ ಇನ್ನೊಂದು ಕಡೆ, ಎರಡೂ ಸೇರಿದರೆ ಯುರೆಥೇನ್ ಬಂಧ. ಸರಪಳಿಯಲ್ಲಿ ಗಟ್ಟಿ ತುಂಡುಗಳೂ ಇರುತ್ತವೆ, ಮೆತ್ತನೆಯ ತುಂಡುಗಳೂ ಇರುತ್ತವೆ. ಗಟ್ಟಿ ತುಂಡು ಶಕ್ತಿ ಕೊಟ್ಟರೆ, ಮೆತ್ತನೆಯದು ಆ 'ಪೀಚ್' ಸ್ಪರ್ಶ ಕೊಡುತ್ತದೆ. ನಮ್ಮ ಕಥೆಯ ಖಳನಾಯಕ ಇರುವುದು ಈ ಮೆತ್ತನೆಯ ತುಂಡಿನಲ್ಲಿ. ಅದು ಪಾಲಿಈಥರ್ ಆಗಿರಬಹುದು, ಪಾಲಿಎಸ್ಟರ್ ಆಗಿರಬಹುದು. ಪಾಲಿಎಸ್ಟರ್ ಆದರೆ ಎಣ್ಣೆ, ಉಜ್ಜಾಟ ಎಲ್ಲ ಚೆನ್ನಾಗಿ ತಡೆದುಕೊಳ್ಳುತ್ತದೆ. ಸಾವಿರಾರು ಸಲ ಬೆರಳು ತಾಗುವ ಸ್ವಿಚ್‌ಗೆ ಇನ್ನೇನು ಬೇಕು ಅನಿಸುತ್ತದೆ. ಆದರೆ ಎಸ್ಟರ್ ಬಂಧಕ್ಕೆ ನೀರು ಆಗಿಬರುವುದಿಲ್ಲ.

ಪಿಯುಸಿಯಲ್ಲಿ ಸೂಡೋ ಫಸ್ಟ್ ಆರ್ಡರ್ ಕ್ರಿಯೆಗೆ ಉದಾಹರಣೆಯಾಗಿ ಈಥೈಲ್ ಅಸಿಟೇಟ್ ಮತ್ತು ನೀರಿನ ಕ್ರಿಯೆ ಓದಿದ್ದು ನೆನಪಿದೆಯಾ? ಎಸ್ಟರ್ ಜೊತೆ ನೀರು ಸೇರಿದರೆ ಆಮ್ಲ ಮತ್ತು ಆಲ್ಕೋಹಾಲ್. ಎರಡು ಮಾರ್ಕಿನ ಪ್ರಶ್ನೆ ಅಂತ ಬಾಯಿಪಾಠ ಮಾಡಿ ಮರೆತ ಆ ಜಲವಿಭಜನೆಯೇ ಫೆರಾರಿಯೊಳಗೆ ನಿಧಾನವಾಗಿ ನಡೆಯುತ್ತಿರುವುದು. ಗಾಳಿಯ ತೇವ ಲೇಪದೊಳಗೆ ಇಳಿಯುತ್ತದೆ. ಒಂದೊಂದು ಎಸ್ಟರ್ ಬಂಧ ಕತ್ತರಿಸಿದಾಗಲೂ ಉದ್ದನೆಯ ಸರಪಳಿ ಎರಡು ತುಂಡಾಗುತ್ತದೆ. ಉದ್ದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡು ರಬ್ಬರ್ ಆಗಿದ್ದವು. ತುಂಡುಗಳಾದ ಮೇಲೆ ಹೆಣಿಗೆ ಬಿಚ್ಚಿ, ರಬ್ಬರ್ ಹೋಗಿ ಗೋಂದು ಉಳಿಯುತ್ತದೆ. ಅಂದರೆ ನಿಮ್ಮ ಬೆರಳಿಗೆ ಅಂಟುವುದು ಹೊರಗಿನಿಂದ ಬಂದ ಕೊಳೆಯಲ್ಲ, ಲೇಪವೇ. ಎಷ್ಟು ಒರೆಸಿದರೂ ಎರಡು ದಿನಕ್ಕೆ ಮತ್ತೆ ಅಂಟುವುದಕ್ಕೆ ಕಾರಣ ಇದೇ. ಕೈಯ ಬೆವರು, ಎಣ್ಣೆ, ಸನ್‌ಸ್ಕ್ರೀನ್ ಇವೆಲ್ಲ ಕೆಡುವಿಕೆಗೆ ನೆರವಾಗುತ್ತವೆ, ಆದರೆ ಮೂಲ ಕಾರಣ ಅವಲ್ಲ.

ಇಲ್ಲೊಂದು ಸ್ವಾರಸ್ಯ ಇದೆ, ಸ್ವಲ್ಪ ನಿಲ್ಲೋಣ. ಕ್ರಿಯೆಯಿಂದ ಹುಟ್ಟುವುದು ಆಮ್ಲ. ಎಸ್ಟರಿನ ಜಲವಿಭಜನೆಗೆ ಕ್ಯಾಟಲಿಸ್ಟ್ ಯಾವುದು? ಅದೂ ಆಮ್ಲವೇ. ಅಂದರೆ ಕ್ರಿಯೆ ತನ್ನನ್ನು ತಾನೇ ಓಡಿಸಿಕೊಳ್ಳುತ್ತದೆ. ಮೊದಲ ಕೆಲವು ವರ್ಷ ಏನೂ ಆಗಿಲ್ಲವೇನೋ ಅನಿಸುತ್ತದೆ. ಆಮೇಲೆ ಆಮ್ಲ ಕೂಡಿಬರುತ್ತಾ ವೇಗ ಏರುತ್ತದೆ. ಗ್ರಾಫ್ ಹಾಕಿದರೆ ನೇರ ಗೆರೆ ಬರುವುದಿಲ್ಲ, ಎಸ್ ಆಕಾರ ಬರುತ್ತದೆ. 'ಹೋದ ವರ್ಷ ಚೆನ್ನಾಗೇ ಇತ್ತು, ಈ ಮಳೆಗಾಲಕ್ಕೆ ಏನೋ ಆಯ್ತು' ಅಂತ ಜನ ಹೇಳುವುದು ಭ್ರಮೆಯಲ್ಲ.

ಹಾಗಾದರೆ ತಯಾರಕರು ಪರೀಕ್ಷೆ ಮಾಡಲಿಲ್ಲವೇ ಅಂತ ಕೇಳಬಹುದು. ಯಾವ ಪರೀಕ್ಷೆ ಮಾಡಿದ್ದರು ಅನ್ನುವುದಕ್ಕಿಂತ, ಪರೀಕ್ಷೆ ಮಾಡಿದರೂ ಎಷ್ಟು ಗೊತ್ತಾಗುತ್ತದೆ ಅನ್ನುವ ಲೆಕ್ಕ ನಮಗೆ ಹೆಚ್ಚು ಉಪಯೋಗ. ಎಲೆಕ್ಟ್ರಾನಿಕ್ಸ್‌ನಲ್ಲಿ 85 ಡಿಗ್ರಿ ಸೆಲ್ಸಿಯಸ್, ಶೇ. 85 ಆರ್ದ್ರತೆ, 1,000 ಗಂಟೆ ಅನ್ನುವ ಪರೀಕ್ಷೆ ಬಹಳ ಪ್ರಸಿದ್ಧ. ಉಷ್ಣತೆ 10 ಡಿಗ್ರಿ ಏರಿದರೆ ಕ್ರಿಯೆಯ ವೇಗ ಸುಮಾರು ಎರಡು ಪಟ್ಟು ಎಂಬ ಅಂದಾಜಿನ ನಿಯಮ ಹಿಡಿಯೋಣ. 25ರಿಂದ 85ಕ್ಕೆ ಆರು ಹತ್ತುಗಳು. ಎರಡನ್ನು ಆರು ಸಲ ಗುಣಿಸಿದರೆ 64. ಸಾವಿರ ಗಂಟೆಯ ಪರೀಕ್ಷೆ 64,000 ಗಂಟೆಗೆ ಸಮ, ವರ್ಷಕ್ಕೆ 8,760 ಗಂಟೆಯಂತೆ ಏಳು ವರ್ಷ ನಾಲ್ಕು ತಿಂಗಳ ಹತ್ತಿರ. ಆರು ವಾರದ ಪರೀಕ್ಷೆಯಿಂದ ಏಳು ವರ್ಷ ನೋಡಿದ ಹಾಗಾಯಿತು, ಚೆನ್ನಾಗೇ ಇದೆ. ಆದರೆ ಎಂಟನೆಯ ವರ್ಷ? ಎಸ್ ಆಕಾರದ ಗೆರೆ ಎಂಟನೆಯ ವರ್ಷದಲ್ಲಿ ಮೇಲೇಳುವಂತಿದ್ದರೆ, ಏಳು ವರ್ಷದವರೆಗಿನ ಡೇಟಾ ಎಷ್ಟು ಸುಂದರವಾಗಿದ್ದರೂ ಅದರ ಸುಳಿವು ಕೊಡುವುದಿಲ್ಲ. ಸಾಮಾನ್ಯ ಕಾರು ಆ ಹೊತ್ತಿಗೆ ಗುಜರಿಯ ದಾರಿ ಹಿಡಿದಿರಬಹುದು. ಆದರೆ ಇಂಥ ಕಾರನ್ನು ಜನ ಇಪ್ಪತ್ತು ಮೂವತ್ತು ವರ್ಷ ಇಟ್ಟುಕೊಳ್ಳುತ್ತಾರೆ. ವಾರಂಟಿಗೆ ಸಾಕಾದ ಪರೀಕ್ಷೆ ಆಯುಷ್ಯಕ್ಕೆ ಸಾಲದು. ಹಾಗಂತ ಪರಿಹಾರ ಇರಲಿಲ್ಲ ಅಂತಲ್ಲ. ಪಾಲಿಈಥರ್ ಬಳಸಿದರೆ ನೀರಿನ ಕಾಟ ಕಡಿಮೆ, ಆದರೆ ಬಿಸಿಲಿನ ಆಕ್ಸಿಡೀಕರಣಕ್ಕೆ ಅದು ಬೇಗ ಸೋಲುತ್ತದೆ. ಪಾಲಿಕಾರ್ಬೊನೇಟ್ ಪಾಲಿಯಾಲ್ ಬಳಸಿದರೆ ಎರಡಕ್ಕೂ ತಕ್ಕಮಟ್ಟಿಗೆ ನಿಲ್ಲುತ್ತದೆ, ಬೆಲೆ ಹೆಚ್ಚು. ಹುಟ್ಟಿದ ಆಮ್ಲವನ್ನು ಹಿಡಿದುಕೊಳ್ಳುವ ಕಾರ್ಬೊಡೈಇಮೈಡ್ ಎಂಬ ಸೇರ್ಪಡೆಗಳೂ ಇವೆ.

ಇದೇ ರೋಗದ ದಾಯಾದಿಗಳನ್ನು ನೋಡಿದರೆ ನಂಬಿಕೆ ಬರುತ್ತದೆ. ಕಪಾಟಿನಲ್ಲಿ ವರ್ಷಗಟ್ಟಲೆ ಇಟ್ಟ ಟ್ರೆಕ್ಕಿಂಗ್ ಶೂ ಹಾಕಿಕೊಂಡು ಕುಮಾರಪರ್ವತ ಹತ್ತುವಾಗ ಅರ್ಧದಾರಿಯಲ್ಲಿ ಸೋಲ್ ಪುಡಿಪುಡಿಯಾಗಿ ಉದುರುವುದು ಕೇಳಿರುತ್ತೀರಿ. ಅದು ಪಾಲಿಯುರೆಥೇನ್ ಮಿಡ್‌ಸೋಲಿನ ಜಲವಿಭಜನೆ. ಎಪ್ಪತ್ತು ಎಂಬತ್ತರ ದಶಕದ ಸ್ಟುಡಿಯೊ ಮ್ಯಾಗ್ನೆಟಿಕ್ ಟೇಪುಗಳದ್ದೂ ಇದೇ ಗೋಳು. ಆಕ್ಸೈಡನ್ನು ಹಿಡಿದಿಡುವ ಪಾಲಿಯುರೆಥೇನ್ ಬೈಂಡರ್ ಜಿಗುಟಾಗಿ, ಪ್ಲೇ ಮಾಡಿದರೆ ಟೇಪ್ ಕಿರುಚಿ ಹೆಡ್‌ಗೆ ಅಂಟಿಕೊಳ್ಳುತ್ತದೆ. ಅದನ್ನು 50ರಿಂದ 55 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಿಸಿ, ತಾತ್ಕಾಲಿಕವಾಗಿ ಒಣಗಿಸಿ, ಆ ಸ್ವಲ್ಪ ಸಮಯದಲ್ಲೇ ಹಾಡನ್ನು ಡಿಜಿಟಲ್‌ಗೆ ನಕಲು ಮಾಡಿಕೊಳ್ಳುತ್ತಾರೆ. ನಾಬನ್ನೂ ಬೇಯಿಸಬಹುದಲ್ಲ ಅಂತ ಹೊರಡಬೇಡಿ. ಟೇಪ್ ಒಂದು ಸಲ ಓಡಿದರೆ ಸಾಕು, ನಾಬ್ ದಿನಾ ತಿರುಗಬೇಕು.

ಶೂ ಉದಾಹರಣೆಯಲ್ಲಿ ಇನ್ನೊಂದು ಮಾತು ಅಡಗಿದೆ. ಬಳಸದೆ ಇಟ್ಟರೂ ಕೆಡುತ್ತದೆ. ಆದ್ದರಿಂದ 'ಕಂಪನಿಯ ಒರಿಜಿನಲ್ ಪಾರ್ಟ್, ಪ್ಯಾಕೆಟ್ ಒಡೆದೇ ಇಲ್ಲ' ಅಂತ ಯಾರಾದರೂ ಇಪ್ಪತ್ತು ವರ್ಷ ಹಳೆಯ ಸ್ವಿಚ್ಚನ್ನು ದುಬಾರಿ ಬೆಲೆಗೆ ಮಾರಿದರೆ, ಒಳಗೆ ಅದೂ ಅಂಟುತ್ತಾ ಕೂತಿರಬಹುದು. ಹೊಸದು ತಂದು ಹಾಕುವುದೇ ಪರಿಹಾರ ಅನ್ನುವ ದಾರಿ ಇಲ್ಲಿ ಹೀಗೆ ಮುಚ್ಚಿಹೋಗುತ್ತದೆ. ರಿಪೇರಿ ಕಲಿಯಲೇಬೇಕು.

ರಿಪೇರಿಯ ತಿರುಳು ಒಂದೇ ಸಾಲು: ಸತ್ತ ಲೇಪವನ್ನು ಪೂರ್ತಿ ತೆಗೆಯಬೇಕು. ಪೌಡರ್ ಹಾಕಿದರೆ ಒಂದು ವಾರ ಅಂಟುವುದಿಲ್ಲ, ಆಮೇಲೆ ಪೌಡರ್ ಬೆರೆತ ಬೂದು ಜಿಗುಟು. ಡ್ಯಾಶ್‌ಬೋರ್ಡ್‌ಗೆ ಹೊಳಪು ಕೊಡುವ ಸಿಲಿಕೋನ್ ಸ್ಪ್ರೇ ಅದಕ್ಕಿಂತ ಕೆಟ್ಟದ್ದು. ಸಿಲಿಕೋನ್ ಮೇಲ್ಮೈಯಲ್ಲಿ ಉಳಿದರೆ ಮುಂದೆ ಯಾವ ಪೇಂಟೂ ಸಮವಾಗಿ ಕೂರುವುದಿಲ್ಲ, ಅಲ್ಲಲ್ಲಿ ಮೀನಿನ ಕಣ್ಣಿನಂಥ ಕುಳಿ ಬೀಳುತ್ತದೆ.

ಕಾರಿನಲ್ಲೇ ಇಟ್ಟುಕೊಂಡು ಒರೆಸಬಹುದೇ? ಆಗುತ್ತದೆ, ಆದರೆ ದ್ರಾವಕ ಸ್ವಿಚ್ ಒಳಗಿಳಿದು ಗ್ರೀಸನ್ನು ತೊಳೆದು ಕಾಂಟ್ಯಾಕ್ಟ್ ಮೇಲೆ ಕಪ್ಪು ಮಡ್ಡಿ ಬಿಡುತ್ತದೆ. ಕಳಚಿ ಮಾಡುವುದೇ ಒಳ್ಳೆಯದು. ಮೊದಲು ಎಲ್ಲದರ ಫೋಟೊ ತೆಗೆದುಕೊಳ್ಳಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಏರ್‌ಬ್ಯಾಗ್ ಹತ್ತಿರದ ಪ್ಯಾನೆಲ್ ಆದರೆ ಮ್ಯಾನ್ಯುಯಲ್ ಹೇಳಿದಷ್ಟು ಹೊತ್ತು ಕಾಯಿರಿ. ಈ ವಯಸ್ಸಿನ ಕಾರುಗಳಲ್ಲಿ ಬ್ಯಾಟರಿ ತೆಗೆದರೆ ರೇಡಿಯೊ ಕೋಡ್ ಕೇಳಬಹುದು, ಅದು ಕೈಯಲ್ಲಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ತಿರುಗುವ ನಾಬ್ ಸಾಮಾನ್ಯವಾಗಿ ಡಿ ಆಕಾರದ ಶಾಫ್ಟಿನ ಮೇಲೆ ಬಿಗಿಯಾಗಿ ಕೂತಿರುತ್ತದೆ. ಓರೆಯಾಗಿ ಮೀಟಿದರೆ ಶಾಫ್ಟ್ ಮುರಿಯುತ್ತದೆ. ನೇರವಾಗಿ ಎಳೆಯಬೇಕು. ಹಳೆಯ ಲೇಸ್ ದಾರವನ್ನು ಹಿಂಬದಿ ಸುತ್ತಿ ಎರಡೂ ತುದಿ ಹಿಡಿದು ಎಳೆಯುವುದು ಹಳೆಯ ರೇಡಿಯೊ ರಿಪೇರಿಯವರ ಉಪಾಯ, ಇಲ್ಲೂ ನಡೆಯುತ್ತದೆ.

ಕಳಚಿದ ಮೇಲೆ ಬಹಳಷ್ಟು ಜನ ಮಾಡದ ಕೆಲಸ ಒಂದಿದೆ: ಭಾಗವನ್ನು ತಿರುಗಿಸಿ ಹಿಂಬದಿ ಓದುವುದು. ಅಚ್ಚಿನಲ್ಲೇ ಪ್ಲಾಸ್ಟಿಕ್ ಯಾವುದು ಅಂತ ಗುರುತು ಇರುವುದುಂಟು, ಎಬಿಎಸ್, ಪಿಸಿ, ಪಿಸಿ ಪ್ಲಸ್ ಎಬಿಎಸ್, ಪಿಎ ಹೀಗೆ. ನಿಮ್ಮ ದ್ರಾವಕವನ್ನು ನಿರ್ಧರಿಸುವುದು ಈ ಗುರುತು. ಅಸಿಟೋನ್ ಎಬಿಎಸ್ಸನ್ನು ಕರಗಿಸುತ್ತದೆ. 3ಡಿ ಪ್ರಿಂಟ್ ಮಾಡಿದ ಎಬಿಎಸ್ ಭಾಗಗಳನ್ನು ಅಸಿಟೋನ್ ಆವಿಯಲ್ಲಿ ನುಣುಪು ಮಾಡುವವರಿಗೆ ಇದನ್ನು ಹೇಳಬೇಕಿಲ್ಲ. ನೈಲ್ ಪಾಲಿಶ್ ರಿಮೂವರ್, ಥಿನ್ನರ್, ಪೆಟ್ರೋಲ್ ಇವುಗಳ ತಂಟೆಗೆ ಹೋಗಬೇಡಿ. ಒವನ್ ಕ್ಲೀನರ್‌ನಂಥ ತೀಕ್ಷ್ಣ ಕ್ಷಾರದಿಂದ ಲೇಪ ಬೇಗ ಕಳಚುತ್ತದೆ, ಎಸ್ಟರನ್ನು ಕ್ಷಾರ ಇನ್ನೂ ವೇಗವಾಗಿ ಒಡೆಯುತ್ತದಲ್ಲ, ಸೋಪು ತಯಾರಾಗುವುದೂ ಹಾಗೇ. ಆದರೆ ಪಾಲಿಕಾರ್ಬೊನೇಟಿನ ಬಂಧವೂ ಎಸ್ಟರಿನ ಜಾತಿಯದ್ದೇ. ಲೇಪದ ಜೊತೆ ನಾಬೂ ಹೋಗುತ್ತದೆ.

ಸುರಕ್ಷಿತ ಆಯ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 90ಕ್ಕಿಂತ ಮೇಲಿನದ್ದು. ಚೆನ್ನಾಗಿರುವ ಪಾಲಿಯುರೆಥೇನನ್ನು ಅದು ಕರಗಿಸುವುದಿಲ್ಲ. ಕ್ರಾಸ್‌ಲಿಂಕ್ ಒಡೆದ, ಸತ್ತ ಲೇಪ ಮಾತ್ರ ಉಬ್ಬಿ ಸಡಿಲವಾಗುತ್ತದೆ. ಮೊದಲು ಹಿಂಬದಿಯ ಕಾಣದ ಮೂಲೆಯಲ್ಲಿ ಒಂದು ಹನಿ ಹಾಕಿ ಐದು ನಿಮಿಷ ನೋಡಿ. ಪ್ಲಾಸ್ಟಿಕ್ ಮಂಕಾಗದೆ, ಬಿರುಕು ಬಿಡದೆ ಇದ್ದರೆ ಮುಂದುವರಿಯಿರಿ. ಮೈಕ್ರೊಫೈಬರ್ ಬಟ್ಟೆ ನೆನೆಸಿ ನಾಬಿನ ಮೇಲೆ ಒಂದೆರಡು ನಿಮಿಷ ಹೊದೆಸಿ, ಆಮೇಲೆ ಒತ್ತಿ ತಿಕ್ಕಿ. ಕಪ್ಪು ಉಂಡೆಗಳಾಗಿ ಹೊರಳಿಕೊಂಡು ಬರುತ್ತದೆ. ಬಟ್ಟೆಯ ಹೊಸ ಮಗ್ಗುಲು ತಿರುಗಿಸುತ್ತಲೇ ಇರಿ, ಇಲ್ಲದಿದ್ದರೆ ತೆಗೆದದ್ದನ್ನೇ ಮತ್ತೆ ಬಳಿಯುತ್ತೀರಿ. ಗೀರುಗಳ ಸಂದಿಗೆ ಹಳೆಯ ಟೂತ್‌ಬ್ರಷ್, ಅಂಚಿಗೆ ಐಸ್‌ಕ್ರೀಂ ಕಡ್ಡಿ. ಲೋಹದ ಸ್ಕ್ರೂಡ್ರೈವರ್ ಬೇಡ. ಹಟ ಹಿಡಿದ ಜಾಗಕ್ಕೆ ಅಡುಗೆ ಸೋಡಾ ನೀರಲ್ಲಿ ಕಲಸಿದ ಪೇಸ್ಟ್ ಮೆಲ್ಲಗೆ ಉಜ್ಜಬಹುದು. ಗಂಟೆಗಟ್ಟಲೆ ನೆನೆಹಾಕಬೇಡಿ, ಒತ್ತಡದಲ್ಲಿರುವ ಪಾಲಿಕಾರ್ಬೊನೇಟ್‌ನ ಕ್ಲಿಪ್‌ಗಳು ಹಾಗೆ ನೆನೆದಾಗ ಸೂಕ್ಷ್ಮವಾಗಿ ಬಿರುಕು ಬಿಡಬಹುದು. ಐಸೊಪ್ರೊಪೈಲ್ ಆಲ್ಕೋಹಾಲ್‌ನ ಫ್ಲ್ಯಾಶ್ ಪಾಯಿಂಟ್ ಸುಮಾರು 12 ಡಿಗ್ರಿ, ಅಂದರೆ ನಮ್ಮ ಊರಿನ ಯಾವ ಕೋಣೆಯಲ್ಲಾದರೂ ಅದರ ಆವಿಗೆ ಕಿಡಿ ಸಾಕು. ಕಿಟಕಿ ತೆರೆದಿರಲಿ, ಹತ್ತಿರ ಇಂಡಕ್ಷನ್ ಸ್ಟವ್ ಮೇಲೆ ಮ್ಯಾಗಿ ಬೇಯದಿರಲಿ, ಕೈಗೆ ನೈಟ್ರೈಲ್ ಗ್ಲೌಸ್ ಇರಲಿ. ಕೊನೆಗೆ ಸೋಪು ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ.

ಆದರೆ ತಿಕ್ಕಲು ಶುರುಮಾಡುವ ಮೊದಲು ಚಿಹ್ನೆಗಳ ಬಗ್ಗೆ ಯೋಚಿಸಿರಬೇಕು. ಹಿಂದಿನಿಂದ ಬೆಳಕು ಬರುವ ಬಟನ್‌ಗಳನ್ನು ಮಾಡುವ ಸಾಮಾನ್ಯ ವಿಧಾನ ಹೀಗೆ: ಬೆಳಕು ಹಾಯುವ ಬಿಳಿ ಪ್ಲಾಸ್ಟಿಕ್ಕಿಗೆ ಕಪ್ಪು ಲೇಪ ಹೊಡೆದು, ಲೇಸರ್‌ನಿಂದ ಚಿಹ್ನೆಯ ಆಕಾರದಲ್ಲಿ ಲೇಪವನ್ನಷ್ಟೇ ಸುಡುತ್ತಾರೆ. ರಾತ್ರಿ ಆ ಕಿಂಡಿಯಿಂದ ಬೆಳಕು ಬರುತ್ತದೆ. ಇಂಥ ಬಟನ್‌ನ ಲೇಪ ತೆಗೆದರೆ ಕೈಯಲ್ಲಿ ಉಳಿಯುವುದು ಚಿಹ್ನೆಯೇ ಇಲ್ಲದ ಬಿಳಿ ತುಂಡು, ರಾತ್ರಿ ಇಡೀ ಬಟನ್ ಬಲ್ಬಿನ ಹಾಗೆ ಉರಿಯುತ್ತದೆ. ಮೇಲೆ ಮುದ್ರಿಸಿದ ಚಿಹ್ನೆಯೂ ಲೇಪದ ಜೊತೆಯಲ್ಲೇ ಹೋಗುತ್ತದೆ. ಇದು ಬರೀ ಅಂದದ ಪ್ರಶ್ನೆ ಅಂದುಕೊಳ್ಳಬೇಡಿ. ಮಂಜು ಕವಿದ ರಸ್ತೆಯಲ್ಲಿ ಹಜಾರ್ಡ್ ಲೈಟಿನ ಬಟನ್ ಯಾವುದು, ಗಾಜಿನ ಮಂಜು ತೆಗೆಯುವುದು ಯಾವುದು ಅಂತ ಹುಡುಕುವ ಹಾಗಾಗಬಾರದು. ಹಾಗಾಗಿ ಪ್ರತಿ ಬಟನ್‌ನ ನೇರ ಫೋಟೊ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಕ್ಯಾಲಿಪರ್‌ನಿಂದ ಚಿಹ್ನೆಯ ಎತ್ತರ ಅಳೆದುಕೊಳ್ಳಿ. ಇದನ್ನು ವೆಕ್ಟರ್ ಚಿತ್ರ ಮಾಡಿಟ್ಟುಕೊಂಡರೆ ಆಮೇಲೆ ಲೇಸರ್‌ನಲ್ಲಿ ಕೆತ್ತಿಸಲು ಅಥವಾ ಡೆಕಲ್ ಮಾಡಿಸಲು ಬರುತ್ತದೆ.

ಚಿಹ್ನೆ ಇಲ್ಲದ, ಕಪ್ಪು ಪ್ಲಾಸ್ಟಿಕ್ಕಿನದ್ದೇ ಆದ ನಾಬ್ ಆಗಿದ್ದರೆ ನಮ್ಮ ಸಲಹೆ ಸರಳ: ಲೇಪ ತೆಗೆದು ಹಾಗೇ ಬಿಟ್ಟುಬಿಡಿ. ಸ್ಪರ್ಶ ಸ್ವಲ್ಪ ಗಟ್ಟಿ, ಹೊಳಪು ಸ್ವಲ್ಪ ಹೆಚ್ಚು, ಆದರೆ ಇನ್ನು ಇಪ್ಪತ್ತು ವರ್ಷ ಅಂಟುವುದಿಲ್ಲ. ಹೊಳಪು ಕಣ್ಣಿಗೆ ಹೊಡೆದರೆ ನುಣುಪಾದ ಸ್ಕಾಚ್ ಪ್ಯಾಡಿನಿಂದ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದರೆ ಮ್ಯಾಟ್ ಆಗುತ್ತದೆ. 'ಒರಿಜಿನಲ್ ಸ್ಪರ್ಶ ಹೋಯಿತು' ಅಂತ ಮರುಗುವವರಿದ್ದಾರೆ. ಒರಿಜಿನಲ್ ಸ್ಪರ್ಶ ಹೋಗಿ ಎಷ್ಟೋ ಕಾಲ ಆಗಿದೆ ಅಂತ ಅವರಿಗೆ ನೆನಪಿಸಬೇಕಾಗುತ್ತದೆ.

ಬೆಳಕಿನ ಬಟನ್‌ಗಳಿಗೆ ಮಾತ್ರ ಮತ್ತೆ ಪೇಂಟ್ ಬೇಕೇ ಬೇಕು. ಪ್ಲಾಸ್ಟಿಕ್ ಪ್ರೈಮರ್, ಅದರ ಮೇಲೆ ತೆಳ್ಳಗೆ ಎರಡು ಮೂರು ಪದರ ಮ್ಯಾಟ್ ಕಪ್ಪು, ಆಮೇಲೆ ಲೇಸರ್, ಮೇಲೊಂದು ಮ್ಯಾಟ್ ಕ್ಲಿಯರ್. ದಪ್ಪ ಹೊಡೆದರೆ ಬಟನ್ ತನ್ನ ಚೌಕಟ್ಟಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ನಾವು ಮೊದಲು ಹೇಳಿದ ಎರಡನೆಯ ಅರ್ಥದಲ್ಲಿ 'ಸ್ಟಿಕ್ಕಿ' ಆಗುತ್ತದೆ. ಬಾಳಿಕೆ ಬರುವುದು ಎರಡು ಡಬ್ಬಿ ಬೆರೆಸಿ ಹೊಡೆಯುವ ಟೂಕೆ ಪೇಂಟ್. ಆದರೆ ಆ ಎರಡನೆಯ ಡಬ್ಬಿಯಲ್ಲಿರುವುದು ಐಸೊಸಯನೇಟ್. ಅದರ ಮಂಜನ್ನು ಉಸಿರಾಡಿದವರಿಗೆ ಆಸ್ತಮಾ ಬರಬಹುದು, ಒಮ್ಮೆ ದೇಹ ಅದಕ್ಕೆ ಸೂಕ್ಷ್ಮವಾಯಿತೆಂದರೆ ಆಮೇಲೆ ಸ್ವಲ್ಪ ತಾಗಿದರೂ ಉಸಿರು ಕಟ್ಟುತ್ತದೆ. ಸ್ಪ್ರೇ ಪೇಂಟರ್‌ಗಳ ವೃತ್ತಿರೋಗಗಳಲ್ಲಿ ಇದು ಹೆಸರುವಾಸಿ. ಬಟ್ಟೆಯ ಮಾಸ್ಕ್, ಎನ್95 ಯಾವುದೂ ಆ ಆವಿಯನ್ನು ತಡೆಯುವುದಿಲ್ಲ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡ, ಸ್ಪ್ರೇ ಬೂತ್ ಇರುವ ಕಡೆ ಮಾತ್ರ ಹೊಡೆಯಬೇಕು. ಹಾಸ್ಟೆಲ್ ಟೆರೇಸ್ ಮೇಲೆ, ಕಾಲೇಜು ವರ್ಕ್‌ಶಾಪಿನ ಮೂಲೆಯಲ್ಲಿ ಬೇಡವೇ ಬೇಡ. ನಾಲ್ಕು ಬಟನ್ ಚೆಂದ ಕಾಣಲಿ ಅಂತ ಶ್ವಾಸಕೋಶ ಒತ್ತೆ ಇಡುವ ವ್ಯಾಪಾರ ಲಾಭದ್ದಲ್ಲ. ತೆಗೆಯುವುದು, ತೊಳೆಯುವುದು, ಅಳತೆ, ಚಿತ್ರ ಇಷ್ಟು ನಾವು ಮಾಡಿ, ಪೇಂಟನ್ನು ಬೂತ್ ಇರುವವರಿಗೆ ಕೊಡುವುದು ವಾಸಿ. ಅವರಲ್ಲಿ ಒಂದು ಪ್ರಶ್ನೆ ಕೇಳಿ: ಹೊಡೆಯುವುದು ಸಾಫ್ಟ್ ಟಚ್ಚಾ, ಮಾಮೂಲಿ ಮ್ಯಾಟ್ಟಾ? ಸಾಫ್ಟ್ ಟಚ್ ಅಂದರೆ ಅದರ ಪಾಲಿಯಾಲ್ ಯಾವುದು ಅಂತ ಡೇಟಾಶೀಟ್ ಕೇಳಿ. ಡೇಟಾಶೀಟ್ ಇಲ್ಲದಿದ್ದರೆ ಮಾಮೂಲಿ ಮ್ಯಾಟ್ ಹೊಡೆಸಿ.

ಅಭ್ಯಾಸಕ್ಕೆ ಫೆರಾರಿ ಬೇಕಿಲ್ಲ, ಅಂಟುವ ಮೌಸ್ ಸಾಕು. ತಂತಿಯದ್ದಾದರೆ ಯುಎಸ್‌ಬಿ ಕಿತ್ತು, ಇಲ್ಲದಿದ್ದರೆ ಸೆಲ್ ತೆಗೆದು, ಮೇಲಿನ ಚಿಪ್ಪು ಬಿಚ್ಚಿ ಚಿಪ್ಪನ್ನಷ್ಟೇ ಸ್ವಚ್ಛ ಮಾಡಿ. ಒಂದು ಮೌಸಿಗೆ ಎಷ್ಟು ಬಟ್ಟೆ, ಎಷ್ಟು ಆಲ್ಕೋಹಾಲ್ ಖರ್ಚಾಗುತ್ತದೆ ಅನ್ನುವ ಅಂದಾಜು ಅಲ್ಲೇ ಸಿಗುತ್ತದೆ, ಕೈಗೂ ಎಷ್ಟು ಒತ್ತಬೇಕು ಅನ್ನುವ ಹದ ಬರುತ್ತದೆ. ಕಾರಿನ ಭಾಗಗಳನ್ನು ವಾಪಸ್ ಕೂರಿಸುವಾಗ ಪೇಂಟ್ ಪೂರ್ತಿ ಗಟ್ಟಿಯಾಗಲು ಡಬ್ಬಿಯ ಮೇಲೆ ಬರೆದಷ್ಟು ದಿನ ಬಿಟ್ಟಿರಿ, ಮುಟ್ಟಲು ಒಣಗಿದ್ದೂ ಪೂರ್ತಿ ಗಟ್ಟಿಯಾದದ್ದೂ ಒಂದೇ ಅಲ್ಲ. ಬ್ಯಾಟರಿ ಜೋಡಿಸಿದ ಮೇಲೆ ಕತ್ತಲಲ್ಲಿ ಒಮ್ಮೆ ಹೆಡ್‌ಲೈಟ್ ಹಾಕಿ ಎಲ್ಲ ಬಟನ್‌ಗಳನ್ನೂ ನೋಡಿ. ಎಲ್ಲಾದರೂ ಪೇಂಟಿನ ಸೂಜಿರಂಧ್ರದಿಂದ ಬೆಳಕು ಚುಕ್ಕಿಯಾಗಿ ಇಣುಕುತ್ತಿದ್ದರೆ, ಪ್ಯಾನೆಲ್ ಮುಚ್ಚುವ ಮೊದಲೇ ಆ ಬಟನ್ ಹೊರತೆಗೆಯಿರಿ.